ಗಾಜಿನೂರಿಗೆ ಮುಯ್ಯಿ

ಕೊಟ್ಟವರ ಊರ ಹಬ್ಬ ಯಾವಾಗ ಎಂದು ಸಭೆಯಲ್ಲಿ ಮೊದಲು ಬಾಯಿಬಿಟ್ಟು ಕೇಳಿದವಳು ತೊಮಾಸಾ ಅಜ್ಜಿ. ಕೇಳಬಾರದ್ದೇನೂ ಅಲ್ಲ. ಆದರೂ ಆ ಮಾತು ಕಿವಿಗೆ ಬಿದ್ದದ್ದೇ ತಡ, ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಮೊಮ್ಮಗಳು ಸೆನೈದಾಳಿಗೆ ಗೊತ್ತಾಗಿಹೋಯಿತು.

ಮೆಕ್ಸಿಕೊ ದೇಶದ ವಾಹಾಕಾ ಸೀಮೆಯ ಬೆಟ್ಟಸಾಲಿನ ಯಾಗಲೂನಾ ಎಂದರೆ ಮೋಡವೇ ಮನೆಯೊಳಗೆ ಬಂದು, ಒಲೆಯ ಪಕ್ಕ ಕೂತು, ಎದ್ದು ಹೋಗುವಷ್ಟು ಎತ್ತರದ ಊರು. ಆ ಊರಿಗೆ ಮೆಕ್ಸಿಕೊ ನಗರದ ಒಂದು ಪ್ರತಿಷ್ಠಾನ ಕೆಲವು ಕಾಲದಿಂದ ನೆರವಾಗುತ್ತಿತ್ತು. ಮಕ್ಕಳಿಗೆ ಕಹಳೆ, ಕ್ಲಾರಿನೆಟ್ಟು ಕಲಿಸಲು ಒಬ್ಬ ಮೇಷ್ಟ್ರು ಬಂದಿದ್ದ. ಶಾಲೆಗೆ ತಾಯಿನುಡಿಯಲ್ಲೇ ಅಚ್ಚಾದ ಪಾಠಗಳು ಬಂದಿದ್ದವು. ಊರಿನ ಪುಟ್ಟ ರೇಡಿಯೊಗೆ ಹೊಸ ಪ್ರಸಾರ ಯಂತ್ರ ಬಂದಿತ್ತು. ಆ ರೇಡಿಯೊದ ದನಿ ಸೆನೈದಾ. ಯಾವ ರಸ್ತೆ ಕುಸಿದಿದೆ, ಯಾರ ಕತ್ತೆ ಹಗ್ಗ ಕಿತ್ತುಕೊಂಡು ಹೋಗಿದೆ, ರಾಜಧಾನಿಯವರು ನಮ್ಮ ಕಾಡಿನ ಮೇಲೆ ಯಾವ ಕಾನೂನು ತರಹೊರಟಿದ್ದಾರೆ ಎಂದು ಅವಳು ಬೆಳಗಾಗುತ್ತಲೇ ಹೇಳಿದರೆ, ಮೆಕ್ಕೆಜೋಳದ ಹೊಲದಲ್ಲಿ ಕಳೆ ಕೀಳುವವರ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಹೊಸ ಯಂತ್ರ ಬಂದ ಮೇಲಂತೂ ಅವಳ ಮಾತು ಕಣಿವೆ ಹಾರಿ ಆಚೆ ಬೆಟ್ಟದವರನ್ನೂ ಮುಟ್ಟತೊಡಗಿತ್ತು. ಎಂದೂ ನೋಡದ ಊರಿನ ಮುದುಕಿಯೊಬ್ಬಳು ಸಂತೆಯಲ್ಲಿ ಅವಳ ಗದ್ದ ಹಿಡಿದು, "ನೀನೇನಾ ಅದು, ನನ್ನ ಒಲೆ ಹತ್ತಿರ ದಿನಾ ಮಾತಾಡೋಳು?" ಎಂದಿದ್ದಳು. ಆ ರಾತ್ರಿ ಅವಳಿಗೆ ನಿದ್ದೆ ಬಂದಿರಲಿಲ್ಲ.

"ಕೊಡ್ತಾರೆ, ಸರಿ. ಅವರೂರ ಹಬ್ಬ ಯಾವಾಗ?" ಎಂದಳು ಅಜ್ಜಿ.

"ಅದು ಊರಲ್ಲ ಅಜ್ಜಿ, ಸಂಸ್ಥೆ."

"ಅಲ್ಲಿ ಜನ ಇದಾರೋ ಇಲ್ವೋ?"

"ಇದಾರೆ."

"ಜನ ಇದ್ಮೇಲೆ ಊರೇ. ಹಬ್ಬ ಯಾವಾಗ ಅಂತ ಕೇಳಿದೆ."

ಯಾಗಲೂನಾದಲ್ಲಿ ಮುಯ್ಯಿಯಿಲ್ಲದೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡದು. ನಿಮ್ಮ ಮನೆಯ ಮಾಡು ಕಟ್ಟಲು ನೆರೆಯವನು ಬಂದನೆಂದರೆ ಅವನ ಮಾಡಿಗೆ ನೀವು ಹೋಗಬೇಕು. ನಿಮ್ಮ ಹಬ್ಬಕ್ಕೆ ಪಕ್ಕದೂರಿನ ಬ್ಯಾಂಡು ಬಂದು ನುಡಿಸಿತೆಂದರೆ ಅವರ ಹಬ್ಬಕ್ಕೆ ನಿಮ್ಮ ಬ್ಯಾಂಡು ಹೊರಡಬೇಕು. ಕೂಲಿ ಕೇಳುವಂತಿಲ್ಲ, ಮರೆಯುವಂತೆಯೂ ಇಲ್ಲ. ಹಿಂತಿರುಗಿಸದ ಮುಯ್ಯಿ ಮನೆಯಲ್ಲಿದ್ದರೆ ಜೋಳಕ್ಕೆ ಹುಳ ಬೀಳುತ್ತದೆ ಎನ್ನುತ್ತಾರೆ.

ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಬೆಟ್ಟದೊಡೆಯನ ಕಥೆ ತೆಗೆದಳು. ಅವನ ಗುಹೆಯಲ್ಲಿ ಲೋಕದ ಬೀಜವೆಲ್ಲ ಇತ್ತಂತೆ. ಬಂದವರಿಗೆಲ್ಲ ಮೊಗೆಮೊಗೆದು ಕೊಡುತ್ತಿದ್ದನಂತೆ. ಕೊಟ್ಟು ಕೊಟ್ಟು ಅವನಿಗೆ ಕೈ ಚಾಚುವುದೇ ಮರೆತುಹೋಯಿತು. ಉಂಡೆಯಾ ಎಂದು ಒಬ್ಬರೂ ಕೇಳಲಿಲ್ಲ. ಕೊನೆಗೆ ಅವನು ಕಲ್ಲಾದ. "ಕೊಡೋರನ್ನ ಕಲ್ಲು ಮಾಡೋದು ಪಾಪ" ಎಂದು ಅಜ್ಜಿ ಸೆರಗು ಹೊದ್ದು ಕೂತಳು.

ಆ ವರ್ಷದ ಊರ ಯಜಮಾನ ಎಲೀಹಿಯೊ. ಮಾತಿಗಿಂತ ಮೌನ ಹೆಚ್ಚಿನ ಮನುಷ್ಯ. ರೇಡಿಯೊ ಎಂದರೆ ಅವನಿಗೆ ಅಷ್ಟಕ್ಕಷ್ಟೆ, ಮುಖ ಕಾಣದ ಮಾತನ್ನು ಹೇಗೆ ನಂಬುವುದು ಎನ್ನುವವನು. ಅವನೇ ಸಭೆಯ ತೀರ್ಪು ಹೇಳಿದ: "ಬ್ಯಾಂಡು ಹೋಗ್ಲಿ. ಮುಯ್ಯಿ ಒಪ್ಪಿದ್ರೆ ಯಂತ್ರ ನಮ್ಮದು. ಒಪ್ಪಲಿಲ್ಲ ಅಂದ್ರೆ ಬಿಚ್ಚಿ, ಬಟ್ಟೇಲಿ ಸುತ್ತಿ, ಅವರ ಬಾಗಿಲಿಗೇ ಇಟ್ಟು ಬರೋಣ."

ಸೆನೈದಾ ಫೋನಿನಲ್ಲಿ ಹುಡುಕಿ ಪ್ರತಿಷ್ಠಾನ ಹುಟ್ಟಿದ ದಿನ ಯಾವುದೆಂದು ಹೇಳಿದಳು. ಅದೇ ಅವರ ಹಬ್ಬವೆಂದು ಸಭೆ ನಿಶ್ಚಯಿಸಿತು. "ಬರ್ತೀವಿ ಅಂತ ಒಂದು ಮಾತು ಬರೆದು ಹಾಕ್ಲಾ ಮಾಮ?" ಎಂದು ಕೇಳಿದ್ದಕ್ಕೆ ಎಲೀಹಿಯೊ ಅವಳನ್ನು ವಿಚಿತ್ರವಾಗಿ ನೋಡಿದ. "ಅವರ ಹಬ್ಬ ಅವರಿಗೆ ಗೊತ್ತಿರಲ್ವಾ?"

ಮೆಕ್ಸಿಕೊ ನಗರದಲ್ಲಿ ಬಸ್ಸು ಇಳಿದಾಗ ಬಿಸಿಲು ಏರಿತ್ತು. ಬ್ಯಾಂಡಿನವರೆಲ್ಲ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ತುತ್ತೂರಿಗಳನ್ನು ಮಗುವಿನಂತೆ ಅವುಚಿಕೊಂಡು ಪ್ರತಿಷ್ಠಾನದ ಗಾಜಿನ ಕಟ್ಟಡದ ಮುಂದೆ ನಿಂತರು. ಎಲೀಹಿಯೊನ ಕಂಕುಳಲ್ಲಿ ಕೊರಳಿಗೆ ಕೆಂಪು ಪಟ್ಟಿ ಕಟ್ಟಿದ ದೊಡ್ಡ ಟರ್ಕಿ ಕೋಳಿಯಿತ್ತು. ಕಟ್ಟಡದಲ್ಲಿ ತೋರಣವಿಲ್ಲ, ಬಾಣ ಬಿರುಸಿಲ್ಲ, ಒಲೆಯ ಹೊಗೆಯಿಲ್ಲ. ಎಲ್ಲ ದಿನದಂಥ ದಿನ. ಸೆನೈದಾಳಿಗೆ ನೆಲ ಬಿರಿಯಬಾರದೇ ಎನಿಸಿತು.

ಕಾವಲಿನವನು ಅಡ್ಡ ಬಂದ. "ಯಾರನ್ನ ನೋಡ್ಬೇಕು? ಹೇಳಿ ಬಂದಿದೀರಾ?"

"ಹಬ್ಬಕ್ಕೆ ಬಂದಿದೀವಿ" ಎಂದ ಎಲೀಹಿಯೊ.

"ಇಲ್ಲಿ ಯಾವ ಹಬ್ಬಾನೂ ಇಲ್ಲ."

ಎಲೀಹಿಯೊ ಸೆನೈದಾಳತ್ತ ಬಾಗಿ, "ಪಾಪ, ಇವನಿಗೆ ಯಾರೂ ಹೇಳಿಲ್ಲ" ಎಂದು ಮರುಗಿದ.

"ಒಳಗೆ ಹೋಗೋರೆಲ್ಲ ಗುರುತಿನ ಚೀಟಿ ತೋರಿಸ್ಬೇಕು. ಆ ಕೋಳೀನ ಮಾತ್ರ ಬಿಡಲ್ಲ."

"ಕೋಳಿಗೂ ಚೀಟಿ ಮಾಡಿಸಿಕೊಡು ತಮ್ಮಾ" ಎಂದ ಊರ ಬ್ಯಾಂಡಿನ ಹಳೆಯ ಮೇಷ್ಟ್ರು ಪ್ರೊಕೋಪಿಯೊ. "ಫೋಟೋದಲ್ಲಿ ನನಗಿಂತ ಚೆನ್ನಾಗಿ ಬೀಳತ್ತೆ."

ಕಾವಲಿನವನು ನಗು ನುಂಗಿಕೊಂಡು ಮೇಲಕ್ಕೆ ಫೋನು ಮಾಡಲು ತಿರುಗಿದ. ಪ್ರೊಕೋಪಿಯೊ ಕಟ್ಟಡವನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಊರಿಗೆ ಬರುವ ಬ್ಯಾಂಡು ಊರ ಗಡಿಯಿಂದಲೇ ನುಡಿಸುತ್ತ ಬರಬೇಕು. "ಇವರ ಗಡಿ ಯಾವುದೇ, ಮಗಳೇ?" ಎಂದು ಸೆನೈದಾಳನ್ನು ಕೇಳಿದ.

"ಈ ಬಾಗಿಲೇ ಇರ್ಬೇಕು, ದೊಡ್ಡಪ್ಪ."

ಪ್ರೊಕೋಪಿಯೊ ಕೋಲೆತ್ತಿದ. ದೊಡ್ಡ ಡೋಲು ಒಮ್ಮೆ ಗುಡುಗಿತು. ಎಲ್ಲರಿಗಿಂತ ಮುಂದಿದ್ದ, ತೂಬಾ ಎಂಬ ಹೆಬ್ಬಾಯಿಯ ಕಹಳೆ ಹೊತ್ತವನು ಒಂದು ಹೆಜ್ಜೆ ಇಟ್ಟನೋ ಇಲ್ಲವೋ, ಯಾರೂ ಮುಟ್ಟದೆಯೇ ಗಾಜಿನ ಬಾಗಿಲು ಎರಡು ಹೋಳಾಗಿ ಸರಿದು ದಾರಿ ಬಿಟ್ಟಿತು. ಕಾವಲಿನವನು ಕಿವಿಗೆ ಫೋನು ಹಿಡಿದೇ ನಿಂತಿದ್ದ.

ಒಳಗೆ ಹೋದ ಮೇಲೆ ಆದದ್ದನ್ನು ಸೆನೈದಾ ಆಮೇಲೆ ಎಷ್ಟೋ ಸಲ ಹೇಳಹೊರಟು ಅರ್ಧಕ್ಕೇ ನಿಲ್ಲಿಸಿದ್ದಾಳೆ. ಕಟ್ಟಡದ ನಡುವೆ ನೆಲದಿಂದ ಆಕಾಶದವರೆಗೆ ಒಂದು ಬಾವಿಯಿತ್ತು, ಬುಡಮೇಲಾದ ಬಾವಿ. ಸುತ್ತಲೂ ಅಂತಸ್ತಿನ ಮೇಲೆ ಅಂತಸ್ತು, ಅಂಚಿಗೆ ಕಟಕಟೆ. ನೆತ್ತಿಯ ಮೇಲೆ ಗಾಜು, ಗಾಜಿನಾಚೆ ಬೆಳ್ಳಗಿನ ಬಾನು. ಊರಿನಲ್ಲಿ ಬ್ಯಾಂಡು ನುಡಿಸಿದರೆ ನಾದ ಬೆಟ್ಟಕ್ಕೆ ಬಡಿದು, ಪೈನ್ ಮರಗಳಲ್ಲಿ ಚೆದುರಿ, ಕಣಿವೆಯಲ್ಲಿ ಇಳಿದುಹೋಗುತ್ತದೆ. ಇಲ್ಲಿ ಅದಕ್ಕೆ ಹೋಗಲು ಜಾಗವೇ ಇರಲಿಲ್ಲ. ಅದು ಎದ್ದು ನಿಂತಿತು. ಕಹಳೆಗಳ ದನಿ ಒಂದೊಂದೇ ಅಂತಸ್ತು ಹತ್ತಿತು, ಕ್ಲಾರಿನೆಟ್ಟು ಅದರ ಭುಜ ಏರಿ ಕೂತಿತು, ತೂಬಾದ ಉಸಿರಿಗೆ ಗಾಜಿನ ಗೋಡೆ ಹಸುವಿನ ಮೈಯಂತೆ ಅದುರಿತು. ತಾನು ಹುಟ್ಟಿದಂದಿನಿಂದ ಕೇಳಿದ ಅದೇ ಹಬ್ಬದ ನಡೆ. ಆದರೆ ಅದು ಇಷ್ಟು ಎತ್ತರವಾಗಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಕೈ ತಾನಾಗಿ ಎದೆಯ ಮೇಲೆ ಬಂತು.

ಕಟಕಟೆಗಳಲ್ಲಿ ತಲೆಗಳು ಮೂಡತೊಡಗಿದವು. ಕೆಲವರ ಕೈಯಲ್ಲಿ ಕಾಗದ, ಒಬ್ಬನ ಬಾಯಲ್ಲಿ ಪೆನ್ನು. ಸಂಪಿಗೆ ಮರ ಹೂ ಬಿಟ್ಟಂತೆ ಅಂತಸ್ತು ಅಂತಸ್ತಿಗೂ ಮುಖಗಳು. ಹಾಡು ಮುಗಿದದ್ದೇ, ಎಲ್ಲರೂ ಒಟ್ಟಿಗೆ ಚಪ್ಪಾಳೆ ಹೊಡೆದರು.

ಬ್ಯಾಂಡಿನವರು ಬೆಚ್ಚಿದರು. ಯಾಗಲೂನಾದಲ್ಲಿ ಚಪ್ಪಾಳೆ ಹೊಡೆಯುವುದು ಹೊಲಕ್ಕೆ ಬಿದ್ದ ಗಿಳಿ ಓಡಿಸಲು.

"ಓಡಿಸ್ತಿದಾರಾ ನಮ್ಮನ್ನ?" ಎಂದ ಎಲೀಹಿಯೊ.

"ಇಲ್ಲ ಮಾಮ. ಮೆಚ್ಚಿದಾರೆ."

"ಮೆಚ್ಚಿದ್ರೆ ನೀರು ಕೊಡ್ತಿದ್ರು."

ಅದೇ ಸಂಗತಿ. ಬಂದ ಬ್ಯಾಂಡಿನ ಮೇಷ್ಟ್ರಿಗೆ ಹಬ್ಬದ ಊರಿನವರು ತಮ್ಮ ಕೈಯಾರೆ ಮೊದಲ ಲೋಟ ಕೊಡಬೇಕು. ಅದು ಕೈಗೆ ಬರುವ ತನಕ ಯಾರೂ ವಾದ್ಯ ನೆಲಕ್ಕಿಡುವಂತಿಲ್ಲ. ತಂದ ಹಾಡುಗಳೆಲ್ಲ ಮುಗಿದರೂ ಲೋಟ ಬರಲಿಲ್ಲವೆಂದರೆ ವಿದಾಯದ ನಡೆ ನುಡಿಸಿ ಬಂದ ದಾರಿ ಹಿಡಿಯಬೇಕು. ಮುಯ್ಯಿ ಒಪ್ಪಲಿಲ್ಲವೆಂದು ಅರ್ಥ.

ಲಿಫ್ಟನ್ನೂ ಮರೆತು ಮೆಟ್ಟಿಲ ಮೇಲೆಯೇ ಓಡಿ ಬಂದ ಹೆಂಗಸು ಪ್ರತಿಷ್ಠಾನದ ಮುಖ್ಯಸ್ಥೆ ಹಿಮೇನಾ. ನರೆತ ಕೂದಲು, ಕೊರಳಲ್ಲಿ ತೂಗುವ ಕನ್ನಡಕ. ಯಂತ್ರಕ್ಕಾಗಿ ಸೆನೈದಾ ಬರೆದ ಪತ್ರಗಳಿಗೆಲ್ಲ ಉತ್ತರ ಬರೆದವಳು ಅವಳೇ. "ಸೆನೈದಾ, ನೀನೇನಾ? ಏನಮ್ಮ ಇದು, ನಮಗೆ ಒಂದು ಮಾತು ಹೇಳ್ಬಾರದಿತ್ತಾ?" ಎಂದು ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. ಎಲೀಹಿಯೊ ಟರ್ಕಿಯನ್ನು ಅವಳ ತೋಳಿಗೆ ದಾಟಿಸಿದ. ಅವಳು ಅದನ್ನು ಹಿಡಿಯಲೂ ಬಾರದೆ, ಬಿಡಲೂ ಬಾರದೆ, ಹಸುಗೂಸನ್ನು ಮೊದಲ ಸಲ ಎತ್ತಿಕೊಂಡವಳಂತೆ ನಿಂತಳು. ಮೇಲಿನವರು ಫೋಟೋ ತೆಗೆದರು. ಲೋಟ ಮಾತ್ರ ಬರಲಿಲ್ಲ.

ಪ್ರೊಕೋಪಿಯೊ ಮತ್ತೆ ಕೋಲೆತ್ತಿದ. ಮತ್ತೊಂದು ಹಾಡು, ಮತ್ತೊಂದು ಚಪ್ಪಾಳೆ. ಕಹಳೆಯವರ ತುಟಿ ಕೆಂಪಾದವು. ಡೋಲಿನವನು ಅಂಗಿಯ ತೋಳಿಗೆ ಹಣೆ ಒರೆಸಿಕೊಂಡ.

"ಮಾಮ, ಮೇಡಂ ಕಿವೀಲಿ ಒಂದು ಮಾತು ಹಾಕಿಬಿಡ್ತೀನಿ" ಎಂದು ಸೆನೈದಾ ಪಿಸುಗುಟ್ಟಿದಳು.

"ಹಾಕಿ ನೋಡು. ಕೇಳಿ ಕುಡಿಯೋದಕ್ಕೆ ಭಿಕ್ಷೆ ಅಂತಾರೆ."

"ಇವರಿಗೆ ಗೊತ್ತಿಲ್ಲ ಮಾಮ."

"ಗೊತ್ತಿಲ್ದಿದ್ರೆ ಮುಯ್ಯೀನೂ ಇಲ್ಲ." ಅವನ ದನಿಯಲ್ಲಿ ಕೋಪವಿರಲಿಲ್ಲ, ದುಃಖವಿತ್ತು. ಅದು ಕೋಪಕ್ಕಿಂತ ಕೆಟ್ಟದ್ದಾಗಿತ್ತು.

ಸೆನೈದಾಳ ಕಣ್ಣ ಮುಂದೆ ಯಂತ್ರವಿಲ್ಲದ ರೇಡಿಯೊ ಕೋಣೆ ಬಂತು. ಹೊಲದಲ್ಲಿ ಕಳೆ ಕೀಳುವ ಕೈಗಳು ಬಂದವು. ಯಾರದೋ ಒಲೆಯ ಪಕ್ಕ ಇನ್ನು ಮೌನ. ಪ್ರೊಕೋಪಿಯೊ ತನ್ನವರಿಗೆ ಬೆರಳಿನಲ್ಲಿ ಸನ್ನೆ ಮಾಡಿದ. ಇನ್ನು ವಿದಾಯದ ನಡೆಯೊಂದೇ ಬಾಕಿ.

ಹಬ್ಬವನ್ನು ಊರಿಗೆ ನೇರವಾಗಿ ಕೇಳಿಸುತ್ತೇನೆಂದು ಹೇಳಿ ಬಂದಿದ್ದವಳು ಅವಳು. ಬೆಳಗಿನಿಂದ ನಾಚಿಕೆಯಲ್ಲಿ ಅದನ್ನೇ ಮರೆತಿದ್ದಳು. ಚೀಲದಿಂದ ಮೈಕು ತೆಗೆದು ಫೋನಿಗೆ ಸಿಕ್ಕಿಸಿದಳು. ಆಚೆ ತುದಿಯಲ್ಲಿ ಊರಿನ ರೇಡಿಯೊ ಕೂಡಿಕೊಂಡಿತು. ಅವಳು ಬಾವಿಯ ನಟ್ಟನಡುವೆ ಬಂದು ನಿಂತು, ದಿನ ಬೆಳಗಿನ ದನಿಯಲ್ಲಿ ಶುರುಮಾಡಿದಳು. ಮೊದಲು ತಾಯಿನುಡಿ, ಬೆನ್ನಿಗೇ ಸ್ಪ್ಯಾನಿಶ್.

"ಯಾಗಲೂನಾದವರಿಗೆ, ಆಚೆ ಬೆಟ್ಟದವರಿಗೆ ನಮಸ್ಕಾರ. ಈಗ ಸುದ್ದಿ. ನಮ್ಮ ಬ್ಯಾಂಡು ಗಾಜಿನೂರಿಗೆ ಬಂದು ಮುಟ್ಟಿದೆ. ಈ ಊರಿಗೆ ಸೂರಿಲ್ಲ, ಆಕಾಶಾನೇ ಸೂರು. ಇಲ್ಲಿಯವರು ಒಳ್ಳೆಯವರು, ಕಣ್ಣಲ್ಲಿ ನೀರು ಹಾಕಿಕೊಂಡು ಕೇಳ್ತಿದಾರೆ. ಪ್ರೊಕೋಪಿಯೊ ದೊಡ್ಡಪ್ಪನ ಕೈಗೆ ಮೊದಲ ಲೋಟ ಇನ್ನೂ ಬಂದಿಲ್ಲ. ಹಬ್ಬದವರು ಕೈಯಾರೆ ಲೋಟ ಕೊಡೋ ತನಕ ವಾದ್ಯ ನೆಲಕ್ಕಿಡೋ ಹಾಗಿಲ್ಲ ಅಂತ ನಿಮಗೆ ಗೊತ್ತು. ಇಟ್ಟಿಲ್ಲ. ಎಲ್ಲರೂ ನಿಂತೇ ಇದಾರೆ."

ಎಲೀಹಿಯೊ ಹಲ್ಲು ಕಚ್ಚಿ, "ಕೇಳಿಬಿಟ್ಟೆಯಲ್ಲೇ" ಎಂದ.

"ಕೇಳಿಲ್ಲ ಮಾಮ. ಸುದ್ದಿ ಹೇಳಿದೆ. ನಡೆದದ್ದನ್ನ ನಡೆದ ಹಾಗೆ."

ಸುದ್ದಿ ಸುಳ್ಳು ಎನ್ನುವಂತಿರಲಿಲ್ಲ.

ಹಿಮೇನಾ ಟರ್ಕಿಯನ್ನು ಕಾವಲಿನವನ ತೋಳಿಗೆ ಕೊಟ್ಟು, ಗೋಡೆಬದಿಯ ನೀರಿನ ಕ್ಯಾನಿನ ಹತ್ತಿರ ನಡೆದಳು. ಕಾಗದದ ಲೋಟ ತುಂಬುವ ಬುಳುಬುಳು ಸದ್ದು ಮೇಲಿನ ಅಂತಸ್ತಿನವರೆಗೂ ಕೇಳಿಸಿತು. ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ತಂದು ಮೇಷ್ಟ್ರ ಮುಂದೆ ಚಾಚಿದಳು.

"ಬರೀ ನೀರು" ಎಂದಳು, ತಪ್ಪು ಮಾಡಿದವಳಂತೆ.

"ಮೆಸ್ಕಾಲ್ ಹೆಂಡ ನಾನು ತಂದಿದೀನಿ, ಯೋಚನೆ ಮಾಡ್ಬೇಡಿ ತಾಯಿ" ಎಂದ ಪ್ರೊಕೋಪಿಯೊ. ಟೋಪಿ ತೆಗೆದು, ನಾಲ್ಕು ಹನಿ ನೆಲಕ್ಕೆ ಚೆಲ್ಲಿ, ಉಳಿದದ್ದನ್ನು ಒಂದೇ ಗುಟುಕಿಗೆ ಕುಡಿದ. ಕೋಲು ಕೆಳಗಿಳಿಸಿದ.

ಆಗ ಎಲ್ಲರೂ ಒಟ್ಟಿಗೆ ಬಾಗಿದರು. ತುತ್ತೂರಿ, ಕಹಳೆ, ಡೋಲು, ತೂಬಾ ಎಲ್ಲ ಅಮೃತಶಿಲೆಯ ಮೇಲೆ ಮೆಲ್ಲಗೆ ಕೂತವು. ಹಿತ್ತಾಳೆ ಕಲ್ಲಿಗೆ ತಾಗಿದ ಆ ಸದ್ದು, ಅಷ್ಟೂ ನಾದ ಮುಗಿದ ಮೇಲಿನ ಆ ಒಂದು ಸಣ್ಣ ಸದ್ದು, ಬಾವಿಯನ್ನೇರಿ ಗಾಜಿನ ನೆತ್ತಿ ಮುಟ್ಟಿ ಬಂತು. ಚಪ್ಪಾಳೆ ಹೊಡೆಯಲು ಈ ಸಲ ಯಾರಿಗೂ ತೋಚಲಿಲ್ಲ.

ಆಮೇಲೆ ಮೆಟ್ಟಿಲ ಮೇಲೆ ಕಾಲಸಪ್ಪಳ. ಕಟಕಟೆಯವರೆಲ್ಲ ತಂತಮ್ಮ ಊಟದ ಡಬ್ಬಿ ಹಿಡಿದು ಇಳಿದು ಬರುತ್ತಿದ್ದರು. ಯಾರದೋ ಅನ್ನ ಬೀನ್ಸ್ ಕಾಳು, ಯಾರದೋ ತಣ್ಣಗಿನ ಪಾಸ್ತಾ, ಯಾರದೋ ಅರ್ಧ ತಿಂದ ಬ್ರೆಡ್ಡು. ಬ್ಯಾಂಡಿನವರು ಬಾಳೆಲೆಯಲ್ಲಿ ಸುತ್ತಿ ತಂದ ತಮಾಲೆ ಎಂಬ ಜೋಳದ ಕಡುಬು ಬಿಚ್ಚಿದರು. ನೆಲದ ಮೇಲೆ ಪಂಕ್ತಿಯಾಯಿತು. "ಇದನ್ನ ದಿನಾ ತಿಂತೀರಾ?" ಎಂದು ತೂಬಾದವನು ಪಾಸ್ತಾದವಳನ್ನು ಕೇಳಿದ. "ಪಾಪ, ಬನ್ನಿ ನಮ್ಮೂರಿಗೆ."

ಸೆನೈದಾ ಮೈಕು ಹಿಡಿದೇ ನಿಂತಿದ್ದಳು. ಇದನ್ನೆಲ್ಲ ಕೇಳುತ್ತ ಈಗ ಊರಿಗೆ ಊರೇ ಕೂತಿದೆ ಎಂದುಕೊಂಡು ಮೈಕನ್ನು ಪಂಕ್ತಿಯತ್ತ ಚಾಚಿದಳು. ಅಷ್ಟರಲ್ಲಿ ಎಲೀಹಿಯೊ ಬಂದು ಪಕ್ಕದಲ್ಲಿ ನಿಂತ. ಮೈಕನ್ನು ಹಾವಿನ ಮರಿಯಂತೆ ನೋಡಿದ.

"ಇದ್ರಲ್ಲಿ ಮಾತಾಡಿದ್ರೆ ಸಾಕಾ?"

"ಸಾಕು ಮಾಮ."

ಅವನು ಬಾಗಿ, ಕಣಿವೆಯಾಚೆ ಇದ್ದವರನ್ನು ಕರೆಯುವಂತೆ ಕೂಗಿದ: "ನಾನು ಎಲೀಹಿಯೊ. ಮುಯ್ಯಿ ಸಂದಿತು. ಯಂತ್ರ ಬಿಚ್ಚಬೇಡಿ."

ಆಮೇಲೆ ಮೆಲ್ಲಗೆ ಅವಳನ್ನು ಕೇಳಿದ, "ಈಗ ಇದು ಅಲ್ಲಿ ಕೇಳಿಸ್ತಾ? ಇಲ್ಲಿಂದ ಅಲ್ಲೀವರೆಗೂ?"

"ಕೇಳಿಸ್ತು."

"ನಮ್ಮ ಮನೇಗೂ?"

ಅವಳು ತಲೆಯಾಡಿಸಿದಳು. ಎಲೀಹಿಯೊ ತಲೆಯೆತ್ತಿ ಗಾಜಿನಾಚೆಯ ಬಾನನ್ನು ನೋಡಿದ. ಬೆಟ್ಟವೆಲ್ಲಿ, ಹೊಳೆಯೆಲ್ಲಿ, ತನ್ನ ಮನೆಯೆಲ್ಲಿ ಎಂದು ಅಲ್ಲಿ ಹುಡುಕುತ್ತಿದ್ದಂತಿತ್ತು. ಮತ್ತೆ ಮೈಕಿಗೆ ಬಾಗಿದಾಗ ಅವನ ದನಿ ಇಳಿದಿತ್ತು, ಮಲಗಿದವರನ್ನು ಎಬ್ಬಿಸುವಂತೆ.

"ಬೆನೀತಾ, ಊಟ ಆಯ್ತಾ?"

ಕೇಳಿ, ಮೈಕಿಗೆ ಕಿವಿ ಕೊಟ್ಟು, ಹೆಂಡತಿಯ ಉತ್ತರಕ್ಕೆ ಕಾದು ನಿಂತ. ಉತ್ತರ ಈ ದಾರಿಯಲ್ಲಿ ಬರುವುದಿಲ್ಲವೆಂದು ಹೇಳಲು ಸೆನೈದಾಳಿಗೆ ಮನಸ್ಸಾಗಲಿಲ್ಲ. ಅವನ ಕಿವಿಯ ಹತ್ತಿರ ಮೈಕನ್ನು ಅಲುಗದಂತೆ ಹಿಡಿದುಕೊಂಡಳು.