ಉಲ್ಟಾ ತಲೆ

“ಲೇ ಉಲ್ಟಾ ತಲೆ! ಹೂಂ ಅಂತಿದೀಯೋ, ಊಹೂಂ ಅಂತಿದೀಯೋ? ಬಾಯೊಳಗೇನು ಬಿಸಿ ಆಲೂಗಡ್ಡೆ ಇಟ್ಕೊಂಡಿದೀಯಾ?”

ಹಾರ್ಮ್ ಹೀಗೆ ಕೂಗಿದ್ದು ಮಿಂಚೊನ ಮೇಲೆ. ಕ್ರೇಟುಗಳು ಒಣಗಿವೆಯಾ ಎಂದು ಅವನು ಕೇಳಿದ್ದ, ಮಿಂಚೊ ತಲೆಯನ್ನು ಅತ್ತಿತ್ತ ಆಡಿಸಿದ್ದ. ನಮ್ಮ ಬಲ್ಗೇರಿಯಾದಲ್ಲಿ ತಲೆ ಅತ್ತಿತ್ತ ಆಡಿದರೆ ಹೌದು, ಮೇಲೆ ಕೆಳಗೆ ಆಡಿದರೆ ಇಲ್ಲ. ಇಲ್ಲಿ ಹಾಲೆಂಡಿನಲ್ಲಿ ಅದರ ತದ್ವಿರುದ್ಧ. ಹುಟ್ಟಿದಾಗಿನಿಂದ ಒಂದು ರೀತಿ ಆಡಿದ ಕುತ್ತಿಗೆ, ಸಂಬಳ ಕೊಡುವವನು ಬೇರೆ ದೇಶದವನು ಅಂತ ತಿರುಗಿ ಕಲಿಯುತ್ತದೆಯೇ?

ಹಾರ್ಮ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ನಮ್ಮ ಲೈನಿನ ಮೇಸ್ತ್ರಿಯಾಗಿಯೇ ಅವನ ತಲೆ ಬೋಳಾಗಿದೆ. ಊಟದ ಬಿಡುವಿನಲ್ಲಿ ಬ್ರೆಡ್ಡು, ಚೀಸು ಜಗಿಯುತ್ತ ತನ್ನ ಜನರ ಮುಂದೆ ನಮ್ಮನ್ನು ಅಣಕಿಸದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. “ಬಲ್ಗೇರಿಯಾದ ಮದುಮಗಳನ್ನ ನಮ್ಮೂರ ಪಾದ್ರಿ ಕೇಳಿದ್ನಂತೆ, ಇವನ್ನ ಮದುವೆ ಆಗ್ತೀಯಾ ಅಂತ. ಅವಳು ಹೀಗಂದ್ಲು,” ಎಂದು ತಲೆಯನ್ನು ಅತ್ತಿತ್ತ ಅಲ್ಲಾಡಿಸಿ, “ಪಾದ್ರಿ ಪುಸ್ತಕ ಮುಚ್ಚಿ ಮನೆಗೆ ಹೋದ!” ಎನ್ನುತ್ತಾನೆ. ನಾವೂ ನಗುತ್ತೇವೆ. ನಗದೆ ಇದ್ದವರಿಗೆ ಮರುದಿನ ಸುರಂಗದ ಬಾಯಿಯ ಕೆಲಸ.

ಸುರಂಗ ಅಂದರೆ ಕ್ರೇಟು ತೊಳೆಯುವ ಯಂತ್ರ. ಹಸಿರು ಪ್ಲಾಸ್ಟಿಕ್ಕಿನ ಮಡಚುವ ಕ್ರೇಟುಗಳನ್ನು ನೀವೂ ನೋಡಿರುತ್ತೀರಿ. ಗಾಜಿನ ಮನೆಯಲ್ಲಿ ಟೊಮೇಟೊ ಕಿತ್ತು ಅದರೊಳಗೆ ಇಡುತ್ತಾರೆ, ಅದರಲ್ಲೇ ಲಾರಿಗೆ ಹತ್ತಿಸುತ್ತಾರೆ, ಅಂಗಡಿಯಲ್ಲಿ ಅದನ್ನೇ ಹಾಗೆಯೇ ಜೋಡಿಸಿ ದೀಪ ಹಾಕುತ್ತಾರೆ. ನೀವು ಹಣ್ಣನ್ನು ಒತ್ತಿ ನೋಡಿ, ಮೂಸಿ ನೋಡಿ, ಚೀಲಕ್ಕೆ ಹಾಕಿಕೊಂಡು ಹೋಗುತ್ತೀರಿ. ಖಾಲಿಯಾದ ಕ್ರೇಟು ನಮ್ಮ ಹತ್ತಿರ ಬರುತ್ತದೆ. ತಳದಲ್ಲಿ ಕೊಳೆತ ಹಣ್ಣು, ಬೂಷ್ಟು ಹಿಡಿದ ಸೌತೆಕಾಯಿ, ಯಾರೋ ಮೂಗು ಒರೆಸಿ ಎಸೆದ ಕಾಗದ, ಒಂದೊಂದು ಸಲ ಸತ್ತ ಇಲಿ. ಅದನ್ನೆಲ್ಲ ಕೈಯಲ್ಲಿ ಬಾಚಿ ತೆಗೆಯುವುದು, ಅಂಟಿಸಿದ ಚೀಟಿಯನ್ನು ಉಗುರಿನಿಂದ ಕೆರೆಯುವುದು ಸುರಂಗದ ಬಾಯಿಯವರ ಪಾಲು. ತೊಳೆದು ಆ ಕಡೆ ಬಂದ ಮೇಲೆ ಅದನ್ನು ಮಡಚಬೇಕು. ಚಿಕ್ಕ ಗೋಡೆಗಳು ಮೊದಲು, ಉದ್ದ ಗೋಡೆಗಳು ಆಮೇಲೆ. ಮಡಚದೆ ನಿಂತ ಕ್ರೇಟು ಲಾರಿ ತುಂಬಿದರೆ ಮಾಲೀಕನ ಕಣ್ಣಲ್ಲಿ ಅದು ಗಾಳಿ ಸಾಗಿಸಿದ ಲೆಕ್ಕ.

ಮಡಚುವುದಕ್ಕೆ ಒಂದು ಯಂತ್ರವಿತ್ತು. ಅದರ ಕಬ್ಬಿಣದ ತೋಳು ಬಂದು ಗೋಡೆಗಳನ್ನು ಒಂದಾದ ಮೇಲೊಂದು ಬಡಿದು ಮಲಗಿಸುತ್ತಿತ್ತು. ಕೊಂಡಿ ಸವೆದ ಕ್ರೇಟು ಬಂದರೆ ಗೋಡೆ ಬೀಳದೆ ಸಿಕ್ಕಿಕೊಳ್ಳುತ್ತದೆ. ಆಗ ಜಾಲರಿ ಬಾಗಿಲು ತೆರೆದು ಕ್ರೇಟನ್ನು ಎಳೆಯಬೇಕು. ಬಾಗಿಲು ತೆರೆದರೆ ಯಂತ್ರ ತಾನಾಗಿ ನಿಲ್ಲುವುದು ನಿಯಮ. ಹೀಗೆ ನಿಂತು ನಿಂತು ಹೊರಟರೆ ಕೆಲಸ ಸಾಗುವುದಿಲ್ಲ ಅಂತ ಹಾರ್ಮ್ ಒಂದು ದಿನ ತಂತಿ ತಂದು, ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದು ಯಂತ್ರ ನಂಬುವ ಹಾಗೆ ಕಟ್ಟಿಬಿಟ್ಟ.

“ತೋಳು ಮೇಲೆ ಹೋದಾಗ ಕೈ ಹಾಕಿ, ಕೆಳಗೆ ಬರೋ ಮೊದಲು ತೆಗೀರಿ. ಕೋಳಿ ಕೂಡ ಕಲೀತದೆ,” ಅಂದಿದ್ದ.

ಪೆಂಕಕ್ಕ ಕೋಳಿಗಿಂತ ಚೆನ್ನಾಗಿಯೇ ಕಲಿತಿದ್ದಳು. ನಮ್ಮ ದೇಶದ ವಿದಿನ್ ಊರಿನ ಕಡೆಯ ಹೆಂಗಸು, ಹೆಣ್ಣುಮಕ್ಕಳ ಮದುವೆ ಮುಗಿಸಿ, ಗಂಡನನ್ನು ಮಣ್ಣು ಮಾಡಿ ಬಂದವಳು. ನಾವೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದೆವು. ಕೆಂಪು ಮೆಣಸಿನಕಾಯಿ ಸುಟ್ಟು ಅರೆದ ಚಟ್ನಿಯ ಬಾಟಲಿ ತಂದು ಎಲ್ಲರ ರೊಟ್ಟಿಗೂ ಸವರುತ್ತಿದ್ದಳು. ಸ್ಟ್ರಾಬೆರಿ ಕಾಲದಲ್ಲಿ ಕ್ರೇಟಿಗೆ ಹಾಹಾಕಾರ, ಯಂತ್ರದ ವೇಗವನ್ನು ಹಾರ್ಮ್ ಏರಿಸಿದ್ದ. ಆ ಶುಕ್ರವಾರ ತೋಳು ಅವಳು ಅಂದುಕೊಂಡದ್ದಕ್ಕಿಂತ ಬೇಗ ಕೆಳಗೆ ಬಂತು. ಬಲಗೈಯ ಎರಡು ಬೆರಳು ಹೋದವು.

ಮಿಂಚೊ ಓಡಿಬಂದು ಯಂತ್ರ ನಿಲ್ಲಿಸಿದ. ಹಾರ್ಮ್ ಓಡಿಬಂದು ಮೊದಲು ಮಾಡಿದ ಕೆಲಸ ತಂತಿ ಬಿಚ್ಚಿದ್ದು. ಆಮೇಲೆ ಅಂಬುಲೆನ್ಸಿಗೆ ಫೋನ್ ಮಾಡಿದ. ಈ ಎರಡು ಕೆಲಸದ ಕ್ರಮವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ನಮ್ಮಲ್ಲಿ ಈ ದೇಶದವರ ಭಾಷೆ ಬರುವುದು ನನಗೊಬ್ಬಳಿಗೆ. ಪೆಂಕಕ್ಕನ ಕೈಗೆ ಬಟ್ಟೆ ಸುತ್ತುತ್ತಿದ್ದೆ. ಅಷ್ಟರಲ್ಲಿ ಮ್ಯಾನೇಜರ್ ರೂಲಾಫ್ ಮೆಟ್ಟಿಲಿಳಿದು ಬರುವುದು ಕಂಡಿತು. ಹಾರ್ಮ್ ನನ್ನ ಭುಜ ಹಿಡಿದು ಎಬ್ಬಿಸಿದ.

“ವಾಸಿಲ್ಕಾ, ಗೇಟಿಗೆ ಹೋಗು. ಅಂಬುಲೆನ್ಸ್‌ನವರಿಗೆ ದಾರಿ ತೋರಿಸು.”

“ಅಕ್ಕನ್ನ ಬಿಟ್ಟು ಹೆಂಗೆ ಹೋಗ್ಲಿ? ಮಿಂಚೊನ್ನ ಕಳಿಸಿ.”

“ಅವನಿಗೆ ಭಾಷೆ ಎಲ್ಲಿ ಬರುತ್ತೆ? ಹೋಗು ಅಂದ್ರೆ ಹೋಗು.”

ಹೋದೆ. ನಾನು ಗೇಟಿನ ಹತ್ತಿರ ಕೈಬೀಸುತ್ತಿದ್ದಾಗ ಒಳಗೆ ವಿಚಾರಣೆ ಮುಗಿದೇ ಹೋಯಿತು. ಮಿಂಚೊ ಪಕ್ಕದಲ್ಲೇ ನಿಂತು ನೋಡಿದ್ದಾನೆ; ಆಡಿದ ಮಾತು ಹಾರ್ಮ್‌ನ ಜನರ ಬಾಯಿಂದ ಆಮೇಲೆ ನನ್ನ ಕಿವಿಗೆ ಬಿತ್ತು. ರೂಲಾಫ್ ಯಂತ್ರವನ್ನು ತೋರಿಸಿ, ಬಾಗಿಲನ್ನು ತೋರಿಸಿ, ಅವಳನ್ನು ತೋರಿಸಿ ಕೇಳಿದನಂತೆ: ಬಾಗಿಲು ತೆರೆದರೂ ಯಂತ್ರ ನಿಲ್ಲದ ಹಾಗೆ ಕೆಡಿಸಿದ್ದು ನೀನೇನಾ? ಪೆಂಕಕ್ಕ ನೋವಿಗೆ ಹಲ್ಲು ಕಚ್ಚಿಕೊಂಡು, ಬಾಯಿ ಬಿಡದೆ, ಗದ್ದ ಎತ್ತಿ ಇಳಿಸಿ ಇಲ್ಲ ಅಂದಳು. ಹಾರ್ಮ್‌ನ ಕಡೆ ಬೆರಳು ತೋರಿಸಿ ಕೇಳಿದ: ಹಾಗಾದರೆ ಇವನು ಕೆಡಿಸಿದನಾ? ಅವಳು ತಲೆಯನ್ನು ಅತ್ತಿತ್ತ ಆಡಿಸಿ ಹೌದು ಹೌದು ಅಂದಳು.

ರೂಲಾಫ್ ಹಾರ್ಮ್‌ನ ಮುಖ ನೋಡಿದ. ಹಾರ್ಮ್ ನಿಟ್ಟುಸಿರು ಬಿಟ್ಟು, “ಪಾಪ, ಕೊನೇಪಕ್ಷ ಒಪ್ಪಿಕೊಂಡಳಲ್ಲ ಸಾರ್,” ಅಂದ.

*

ಆಸ್ಪತ್ರೆಯಿಂದ ಅವಳು ಬಂದ ಮರುದಿನ ನಾನು ರೂಲಾಫನ ಕೋಣೆಗೆ ಹೋದೆ. ಕೂರು ಅನ್ನಲಿಲ್ಲ. ನಿಂತೇ ಹೇಳಿದೆ.

“ಸಾರ್, ಪೆಂಕಾ ಇಲ್ಲ ಅಂದದ್ದನ್ನ ನೀವು ಹೌದು ಅಂತ ತಿಳ್ಕಂಡಿದೀರಿ. ನಮ್ಮ ಕಡೆ ತಲೆ ಆಡ್ಸೋದು ಹಿಂದುಮುಂದು. ಹಾರ್ಮ್‌ಗೆ ಗೊತ್ತು. ದಿನಾ ಅದನ್ನೇ ಆಡ್ಕಂಡು ನಗ್ತಾರೆ.”

ರೂಲಾಫ್ ಹಾರ್ಮ್‌ನನ್ನು ಕರೆಸಿದ. “ಹೌದಾ ಹಾರ್ಮ್? ಇವರ ತಲೆ ಹಿಂದುಮುಂದಾ?”

“ಮೊದಲನೇ ಸಲ ಕೇಳ್ತಿದೀನಿ ಸಾರ್,” ಅಂದ ಹಾರ್ಮ್. ಮುಖದ ಒಂದು ಗೆರೆ ಅಲುಗಲಿಲ್ಲ. ನನಗೆ ಅವನ ಕತ್ತಿನ ಪಟ್ಟಿ ಹಿಡಿದು ಗೋಡೆಗೆ ಬಡಿಯಬೇಕು ಅನ್ನಿಸಿತು. ಎರಡೂ ಕೈಯನ್ನು ಜೇಬಿಗೆ ಹಾಕಿಕೊಂಡೆ.

“ನೋಡಮ್ಮ,” ಅಂದ ರೂಲಾಫ್, “ಇಷ್ಟು ವರ್ಷ ಇಲ್ಲಿದ್ದು ತಲೆ ಆಡಿಸೋದು ಕಲೀಲಿಲ್ಲ ಅಂದ್ರೆ ಯಾರ ತಪ್ಪು? ನಾನು ಕಣ್ಣಾರೆ ನೋಡಿದೀನಿ. ಅವಳು ಒಪ್ಪಿದಾಳೆ. ನಿಯಮ ಮುರಿದವರಿಗೆ ಇಲ್ಲಿ ಕೆಲಸ ಇಲ್ಲ.”

“ಇನ್ನೊಂದ್ಸಲ ಕೇಳಿ ಸಾರ್. ಬಾಯಲ್ಲಿ ಹೇಳ್ಸಿ. ಅಷ್ಟೇ ಸಾಕು.”

“ಒಂದು ಸಲ ಕೇಳಿ ಆಗಿದೆ.”

ಕೆಲಸ ಇಲ್ಲ ಅಂದರೆ ಹಾಸಿಗೆಯೂ ಇಲ್ಲ. ನಮ್ಮನ್ನು ಇಟ್ಟಿರುವುದು ಕ್ಯಾಂಪಿನ ಗಾಲಿಮನೆಗಳಲ್ಲಿ, ಬೇಸಿಗೆಯಲ್ಲಿ ಈ ದೇಶದವರು ರಜೆ ಕಳೆಯಲು ಮಾಡಿಕೊಂಡ ಡಬ್ಬಿಗಳಲ್ಲಿ. ಅವು ಕೆಲಸಕ್ಕೆ ಸೇರಿಸಿದ ಏಜೆನ್ಸಿಯವರವು. ಸೋಮವಾರ ವ್ಯಾನು ಬಂದು ಪೆಂಕಕ್ಕನನ್ನು ವಿಮಾನಕ್ಕೆ ಬಿಡುತ್ತದೆ ಎಂದು ಹೇಳಿ ಕಳಿಸಿದರು. ತಪ್ಪು ಅವಳದೇ ಆದ ಮೇಲೆ ಬೆರಳಿಗೆ ಪರಿಹಾರವೂ ಇಲ್ಲ, ಗಾಯ ಮಾಯುವವರೆಗಿನ ಸಂಬಳವೂ ಇಲ್ಲ.

ಭಾನುವಾರ ನಾವೆಲ್ಲ ಅವಳ ಗಾಲಿಮನೆಯಲ್ಲಿ ಕಾಲಿಗೆ ಕಾಲು ತಾಗಿಸಿಕೊಂಡು ಕೂತಿದ್ದೆವು. ಅವಳು ಎಡಗೈಯಲ್ಲಿ ಬಟ್ಟೆ ಮಡಚಲು ಹೋಗಿ, ಆಗದೆ, ಮುದ್ದೆ ಮಾಡಿ ಚೀಲಕ್ಕೆ ತುರುಕುತ್ತಿದ್ದಳು. ಸಹಾಯಕ್ಕೆ ಹೋದ ನನ್ನ ಕೈಯನ್ನು ತಳ್ಳಿದಳು.

“ಬೆರಳು ಹೋದ್ರೆ ಹೋಯ್ತು ಕಣೆ ವಾಸಿಲ್ಕಾ. ಆದ್ರೆ ನಾನು ಇಲ್ಲ ಅಂದೆ. ಗದ್ದ ಎತ್ತಿ ಎತ್ತಿ ಇಲ್ಲ ಅಂದೆ. ಆ ಸೂಳೆಮಗ ಪಕ್ಕದಾಗೇ ನಿಂತ್ಕಂಡು ನೋಡ್ತಿದ್ದ. ಅವನಿಗೆ ಗೊತ್ತಿತ್ತು.” ಅಲ್ಲಿಯವರೆಗೆ ಅಳದಿದ್ದವಳು ಆಗ ಅತ್ತಳು. “ಊರಿಗೆ ಹೋಗಿ ಏನಂತ ಹೇಳ್ಲಿ? ನಾನೇ ನನ್ ಕೈಯಾರೆ ಮಾಡ್ಕಂಡೆ ಅಂತ ನನ್ ತಲೇನೇ ಹೇಳ್ತು ಅನ್ಲಾ?”

“ಅವನ ಮನೆ ಹಾಳಾಗ,” ಎಂದ ಮಿಂಚೊ. “ನಾಳೆ ಆ ಹಾರ್ಮನ ತಲೇನ ಅದೇ ಯಂತ್ರಕ್ಕೆ ಕೊಡ್ತೀನಿ.”

“ಕೊಟ್ಟು ಜೈಲಿಗೆ ಹೋಗು. ಅವಳ ಬೆರಳು ಚಿಗುರ್ತವಾ?” ಅಂದೆ. “ಕೆಲಸ ಬಿಟ್ಟು ಕೂತ್ರೆ ನಾಳೆನೇ ಬೇರೆಯೋರ್ನ ತರ್ತಾರೆ.”

“ಬಿಡೋದು ಬ್ಯಾಡ,” ಅಂದ ಮಿಂಚೊ, ತುಸು ಯೋಚಿಸಿ. “ಎಲ್ಲಾ ಮಾಡಾನ. ಬಾಚಾನ, ಕೆರೆಯಾನ, ತೊಳೆಯಾನ. ಮಡಚೋದೊಂದು ಬ್ಯಾಡ.”

*

ಮಡಚುವ ಯಂತ್ರಕ್ಕೆ ಬೀಗ ಬಿದ್ದಿದ್ದರಿಂದ ಸೋಮವಾರ ಕೈಯಲ್ಲೇ ಮಡಚಬೇಕಿತ್ತು. ಮೊಣಕೈಯಿಂದ ಕೊಂಡಿ ಒತ್ತಿ ಅಂಗೈಯಿಂದ ಬಡಿದರೆ ಗೋಡೆ ಟಪ್ಪೆಂದು ಬೀಳುತ್ತದೆ. ಆ ಟಪಟಪ ನಮ್ಮ ಕಿವಿಗೆ ಎಷ್ಟು ಒಗ್ಗಿದೆಯೆಂದರೆ ಮಲಗಿದರೂ ಕೇಳುತ್ತದೆ. ಅವತ್ತು ಅದು ಹುಟ್ಟಲೇ ಇಲ್ಲ. ಸುರಂಗದಿಂದ ಬಂದ ಕ್ರೇಟನ್ನು ಎತ್ತುವುದು, ನೀರು ಕೊಡವುವುದು, ಶಿಸ್ತಾಗಿ ನೆಲದ ಮೇಲೆ ಇಡುವುದು. ಅದರ ಮೇಲೆ ಇನ್ನೊಂದು. ಎಲ್ಲವೂ ನಾಲ್ಕು ಗೋಡೆ ಎತ್ತಿ ನಿಂತ ಕ್ರೇಟುಗಳೇ.

ಹಾರ್ಮ್‌ಗೆ ಗೊತ್ತಾಗುವಷ್ಟರಲ್ಲಿ ಲಾರಿ ನಿಲ್ಲುವ ಬಾಗಿಲು ಅರ್ಧ ಮುಚ್ಚಿಹೋಗಿತ್ತು.

“ಏನ್ರೋ ಇದು? ಮಡಚ್ರೋ! ಕೈ ಬಿದ್ದುಹೋಗಿದೆಯಾ?”

“ಬಿದ್ದಿದೆ,” ಅಂದೆ. “ಒಬ್ಬಳದು.”

ಕೆಟ್ಟ ಕೆಟ್ಟ ಮಾತಿನಲ್ಲಿ ಬೈದ. ತಾನೇ ಒಂದು ಕ್ರೇಟು ಎಳೆದುಕೊಂಡು ಉದ್ದ ಗೋಡೆಯನ್ನು ಮೊದಲು ಬಡಿದ. ಅದು ಬೀಳಲಿಲ್ಲ. ಮತ್ತೆ ಬಡಿದ. ಸುರಂಗ ನಿಲ್ಲಿಸೋಣವೆಂದರೆ ಹೊರಗೆ ಸ್ಟ್ರಾಬೆರಿಯ ಲಾರಿಗಳು ಖಾಲಿ ಕ್ರೇಟಿಗಾಗಿ ಕಾದು ನಿಂತಿವೆ. ನಿಲ್ಲಿಸದೆ ಇರೋಣವೆಂದರೆ ಕಾಲಿಡಲು ಜಾಗವಿಲ್ಲ. ಡ್ರೈವರುಗಳು ಹಾರ್ನ್ ಒತ್ತತೊಡಗಿದರು. ಈ ಕೆಲಸ ಹೋದರೆ ನನ್ನ ಹಾಸಿಗೆಯೂ ಅದೇ ವ್ಯಾನಿಗೆ ಹತ್ತುತ್ತದೆ. ಆದರೂ ಕೈ ಇಡುತ್ತಲೇ ಹೋಯಿತು.

ರೂಲಾಫ್ ಬಂದ. ಕ್ರೇಟಿನ ಸಂದಿಯಲ್ಲಿ ಅಡ್ಡಡ್ಡ ತೂರಿಕೊಂಡು ಬಂದ.

“ಏನು ಬೇಕು ನಿಮಗೆ?”

“ಪೆಂಕಾನ್ನ ಇನ್ನೊಂದ್ಸಲ ಕೇಳಿ.”

ಪೆಂಕಕ್ಕ ಗೇಟಿನ ಹತ್ತಿರ ಚೀಲ ಇಟ್ಟುಕೊಂಡು ವ್ಯಾನಿಗೆ ಕಾಯುತ್ತಿದ್ದಳು. ರೂಲಾಫ್ ಜನ ಕಳಿಸಿ ಅವಳನ್ನೇ ಒಳಗೆ ಕರೆಸಿದ. ಅವನ ಲೆಕ್ಕಾಚಾರ ನನಗೆ ಅರ್ಥವಾಯಿತು. ಹೆದರಿದ ಹೆಂಗಸು, ಪ್ರಯಾಣಕ್ಕೆ ಹೊರಟು ನಿಂತವಳು, ಅವತ್ತಿನ ಹಾಗೆಯೇ ತಲೆ ಆಡಿಸುತ್ತಾಳೆ. ಎಲ್ಲರ ಕಣ್ಣೆದುರೇ ಮುಗಿದುಹೋಗುತ್ತದೆ.

ಅವಳು ಬಂದು, ಗೋಡೆ ಎತ್ತಿ ನಿಂತ ಕ್ರೇಟುಗಳನ್ನು ನೋಡಿದಳು. ನಮ್ಮನ್ನು ನೋಡಿದಳು.

“ನಿಧಾನವಾಗಿ ಕೇಳ್ತೀನಿ,” ಅಂದ ರೂಲಾಫ್. “ವಾಸಿಲ್ಕಾ, ನೀನೇ ಅವಳ ಭಾಷೇಲಿ ಕೇಳು. ಆಮೇಲೆ ಮೋಸ ಅನ್ನಬೇಡಿ. ತಪ್ಪು ಅವಳದು, ಹೌದೋ ಅಲ್ವೋ?”

ಕೇಳಿದೆ.

ಪೆಂಕಕ್ಕನ ಗದ್ದ ಮೇಲೇಳಲು ಹೊರಟಿತು. ನಾನು ಕಂಡೆ, ಹಾರ್ಮ್ ಕೂಡ ಕಂಡ. ಅವನ ತುಟಿಯ ಕೊನೆ ಆಗಲೇ ಸಡಿಲವಾಗುತ್ತಿತ್ತು. ಅಷ್ಟರಲ್ಲಿ ಅವಳು ಎಡಗೈ ಎತ್ತಿ ತನ್ನ ಗದ್ದವನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡಳು. ರಚ್ಚೆ ಹಿಡಿದ ಮಗುವಿಗೆ ಔಷಧಿ ಕುಡಿಸುವಾಗ ತಾಯಿ ಹಿಡಿಯುವ ಹಾಗೆ. ಕುತ್ತಿಗೆಯ ನರ ಉಬ್ಬಿತು. ತಲೆ ಅಲುಗಲಿಲ್ಲ.

“ನೇ,” ಅಂದಳು.

ಇಲ್ಲ ಅನ್ನುವುದಕ್ಕೆ ನಾವು ಅನ್ನುವುದೂ ಅದೇ, ಅವರು ಅನ್ನುವುದೂ ಅದೇ. ಅದನ್ನು ನಾನು ಅನುವಾದ ಮಾಡಬೇಕಾಗಿರಲಿಲ್ಲ.

ರೂಲಾಫ್ ಹಾರ್ಮ್‌ನ ಕಡೆ ತಿರುಗಿದ. “ಏನಂದಳು?”

“ಸರಿಯಾಗಿ ಕೇಳಿಸಲಿಲ್ಲ ಸಾರ್,” ಅಂದ ಹಾರ್ಮ್, ನೆಲ ನೋಡುತ್ತ.

ಪೆಂಕಕ್ಕ ಗದ್ದ ಬಿಡಲಿಲ್ಲ. “ನೇ!” ಅಂದಳು ಮತ್ತೆ. ಈ ಸಲ ಹೊರಗಿನ ಡ್ರೈವರುಗಳೂ ಇಣುಕಿ ನೋಡಿದರು. ಆಮೇಲೆ ಬ್ಯಾಂಡೇಜು ಸುತ್ತಿದ ಬಲಗೈಯನ್ನು ಹಾರ್ಮ್‌ನ ಎದೆಗೆ ನೇರ ಚಾಚಿ ಹಿಡಿದಳು.

ಸುರಂಗದಿಂದ ಇನ್ನೊಂದು ಕ್ರೇಟು ಹೊರಬಂತು. ಅದನ್ನು ಎತ್ತಿ, ನೀರು ಕೊಡವಿ, ರೂಲಾಫನ ಕಾಲ ಬಳಿ ನೆಟ್ಟಗೆ ಇಟ್ಟೆ.