ಬಿರುಗಾಳಿ ನಿಧಾನವಾದದ್ದು

"ಇದಕ್ಕೆ ಜೀವ ಬಂದಿದೆಯೋ, ಇಲ್ವೋ?"

ಕೇಳಿದವನು ಅಣ್ಣ, ಕೇಳಿದ್ದು ಯಾರನ್ನೂ ಅಲ್ಲ. ತಂಗಿಯ ಹೊಸ ಕಾರಿನ ಮುಂದಿನ ಸೀಟಿನಲ್ಲಿ ಕೂತವನು ಉತ್ತರಕ್ಕೂ ಕಾಯದೆ ಕೈ ಚಾಚಿ ಗುಂಡಿ ಒತ್ತಿಯೇಬಿಟ್ಟ. ಸದ್ದಿಲ್ಲದೆ ಸಿದ್ಧವಾಗಿದ್ದ ಕಾರು ಸದ್ದಿಲ್ಲದೆಯೇ ಆರಿಹೋಯಿತು.

"ಆಗಲೇ ಸ್ಟಾರ್ಟ್ ಆಗಿತ್ತು ಅಣ್ಣಾ. ಈಗ ನೀನೇ ಆರಿಸಿದೆ. ಕೈ ತೆಗಿ."

"ಒಂಚೂರು ಗುರುಗುಟ್ಟದೇ ಇದ್ರೆ ಅದೊಂದು ಕಾರಾ?"

"ಗುರುಗುಟ್ಟೋಕೆ ನೀನಿದ್ದೀಯಲ್ಲ, ಸಾಕು," ಎಂದಳು ಹಿಂದಿನ ಸೀಟಿನಿಂದ ಅಮ್ಮ. ಅವಳು ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದಳು. ಅಣ್ಣನನ್ನು ದಾರಿಯಲ್ಲಿ ಇಳಿಸಬೇಕಿತ್ತು.

ತಂಗಿಗೆ ಬಳಗದಲ್ಲೆಲ್ಲ ಬಿರುಗಾಳಿ ಎಂದೇ ಹೆಸರು. ಅವಳ ಕಸುಬು ಹಲ್ಲಿನ ಸೆಟ್ ಮಾಡುವುದು. ಮೇಣದಲ್ಲಿ ಒಂದೊಂದೇ ಹಲ್ಲನ್ನು ಕೂರಿಸಿ, ಕೆರೆದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ಕೆರೆಯುವ ಕೈಗೆ ಬೆಟ್ಟದಷ್ಟು ತಾಳ್ಮೆ. ಕಾಲಿಗೆ ಮಾತ್ರ ಸಾಸಿವೆಯಷ್ಟೂ ಇರಲಿಲ್ಲ. ಹಳೇ ಕಾರಿನಲ್ಲಿ ಅವಳು ಬ್ರೇಕ್ ತುಳಿದರೆ ಹಿಂದೆ ಕೂತವರ ಹಣೆ ಮುಂದಿನ ಸೀಟಿಗೆ ಬಡಿಯುತ್ತಿತ್ತು. ಆದರೂ ಯಾರಿಗೇ ಹೊತ್ತಾಗಲಿ, "ಬಿರುಗಾಳಿಗೆ ಫೋನ್ ಮಾಡ್ರಪ್ಪಾ" ಎನ್ನುತ್ತಿದ್ದರು. ಆ ಕರೆ ಬಂದಾಗೆಲ್ಲ ಅವಳು ಉಬ್ಬಿಹೋಗುತ್ತಿದ್ದಳು.

ಪೆಟ್ರೋಲಿಗೂ ಬ್ಯಾಟರಿಗೂ ಓಡುವ ಈ ಹೈಬ್ರಿಡ್ ಕಾರು ಕೊಂಡದ್ದು ಪೆಟ್ರೋಲ್ ಉಳಿಯಲಿ ಎಂದು. ಅದರ ಪರದೆಯ ಮೇಲೊಂದು ಮುಳ್ಳು. ರಪ್ಪನೆ ತುಳಿದರೆ ಕೆಂಪಿಗೆ ಹಾರುತ್ತಿತ್ತು, ಮೆಲ್ಲಗೆ ಒತ್ತಿದರೆ ಹಸಿರಿನಲ್ಲೇ ಇರುತ್ತಿತ್ತು. ಕಾಲು ಎತ್ತಿದರೆ ಉರುಳುವ ಚಕ್ರಗಳೇ ಬ್ಯಾಟರಿ ತುಂಬಿಕೊಡುತ್ತಿದ್ದವು. ಇಳಿಯುವಾಗ ಪರದೆ ಅಂಕ ಬೇರೆ ಕೊಡುತ್ತಿತ್ತು. ಮೊದಲ ದಿನದ ಅಂಕ ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ಒಂದು ಯಂತ್ರ ತನ್ನನ್ನು ಫೇಲ್ ಮಾಡುವುದೇ? ಹಟಕ್ಕೆ ಬಿದ್ದಳು. ದೂರದ ಕೆಂಪು ದೀಪ ಕಂಡೊಡನೆ ಕಾಲೆತ್ತುವುದು, ಇಳಿಜಾರಿನಲ್ಲಿ ತೇಲುವುದು, ಮುಂದಿನ ಲಾರಿಗೆ ಜಾಗ ಬಿಡುವುದು. ಬೇಗ ಹೊರಡುವುದನ್ನೂ ಕಲಿತಳು. ಬರಬರುತ್ತ ಹಟ ಹೋಗಿ ಅಭ್ಯಾಸ ಉಳಿಯಿತು. ಅಂಕ ನೋಡುವುದನ್ನೂ ಬಿಟ್ಟಳು.

ಎಂಜಿನ್ ಸುಮ್ಮನಾದಾಗ ಅಮ್ಮನ ದನಿ ಕೇಳಿಸತೊಡಗಿತು. ಹಳೇ ಕಾರಿನಲ್ಲಿ ಅಮ್ಮ ತಿರುವಿಗೊಮ್ಮೆ ದೇವರನ್ನು ಕೂಗುತ್ತಿದ್ದಳು. ಈಗ ದೇವರ ಪದ್ಯ ಹೇಳಿಕೊಳ್ಳುತ್ತಿದ್ದಳು, ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ತುಂಬು ಉಸಿರು ತೆಗೆದುಕೊಂಡು. ಅದೇ ದೇವರು, ಆದರೆ ಕರೆಯುವ ದನಿಯಲ್ಲಿ ಭಯ ಇರಲಿಲ್ಲ.

ಇವತ್ತು ಪದ್ಯಕ್ಕೆ ಎಡೆಯಿರಲಿಲ್ಲ.

"ಒತ್ತೇ! ಆ ಬಸ್ಸನ್ನ ಹಿಂದೆ ಹಾಕು!" ಅಣ್ಣ ತನ್ನ ಕಾಲಡಿಯ ಮ್ಯಾಟನ್ನೇ ತುಳಿಯುತ್ತಿದ್ದ. "ಇವತ್ತೂ ತಡವಾದ್ರೆ ನನ್ನ ಸುತ್ತಿಗೆ ಬೇರೆಯವನ ಕೈಗೆ ಹೋಗತ್ತೆ. ಯಜಮಾನರು ಹೇಳಿದಾರೆ, ಗೊತ್ತಲ್ಲ?"

ಅಣ್ಣ ಹಳೇ ಪೀಠೋಪಕರಣಗಳ ಮಳಿಗೆಯಲ್ಲಿ ಸುತ್ತಿಗೆ ಬಡಿದು ಹರಾಜು ಕೂಗುವವನು. ಗಂಟಲು ಗಂಟೆಯಂಥದ್ದು, ಏಳುವುದು ಮಾತ್ರ ಯಾವತ್ತೂ ತಡ.

"ಗೊತ್ತು. ಅದಕ್ಕೇ ನಿನ್ನೆಯೇ ಹೇಳಿದ್ದೆ, ಬೇಗ ರೆಡಿಯಾಗು ಅಂತ. ಬಾಗಿಲಲ್ಲಿ ಕಾರು ನಿಲ್ಲಿಸ್ಕೊಂಡು ಕಾದೆ. ನೀನು ಕನ್ನಡಿ ಮುಂದೆ ಮೀಸೆ ಸರಿ ಮಾಡ್ತಿದ್ದೆ."

"ಮೊದಲೂ ಮಾಡ್ತಿದ್ದೆ! ನೀನು ಹೊತ್ತಿಗೆ ಸರಿಯಾಗಿ ತಲುಪಿಸ್ತಿದ್ದೆ!"

ಹಿಂದಿನಿಂದ ಯಾರೋ ಹಾರ್ನ್ ಬಡಿದರು. ಅವಳು ಮುಳ್ಳನ್ನು ಹಸಿರಿನಿಂದ ಕದಲಿಸಲಿಲ್ಲ. ಅಣ್ಣನ ಮಾತು ಮಾತ್ರ ಎದೆಗೆ ನಾಟಿತು. ಇಷ್ಟು ವರ್ಷ ಇವನ ಸೋಮಾರಿತನ ಉಂಡು ಬೆಳೆದದ್ದು ತನ್ನ ಕಾಲಿನ ವೇಗವನ್ನೇ. ಇವನದಷ್ಟೇ ಅಲ್ಲ, ಬಳಗದವರೆಲ್ಲರದೂ. ಅವರ ಕರೆಯನ್ನು ಹೊಗಳಿಕೆ ಎಂದು ತಿಳಿದು ತಾನು ಮೆರೆದಿದ್ದಳಲ್ಲ!

"ಅಣ್ಣಾ, ನಿನ್ನ ತಡವನ್ನ ನನ್ನ ಕಾಲಿಗೆ ಕಟ್ಟಬೇಡ. ಬಸ್ಸು ಹೋಗೋ ಹಾಗೆ ನಾನೂ ಹೋಗ್ತೀನಿ."

"ಬಿರುಗಾಳಿ ಅಂತೆ! ಫ್ಯಾನ್ ಗಾಳಿನೂ ಇಲ್ಲ ನಿಂಗೆ."

"ಇಲ್ಲದಿದ್ರೆ ಬೇಡ. ಬೆವರ್ತಾ ಕೂತಿರು."

ಅಮ್ಮ ಕಿಸಕ್ಕನೆ ನಕ್ಕು, ಮಗನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಮಳಿಗೆ ತಲುಪಿದಾಗ ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಒಳಗೆ ಬೇರೊಬ್ಬನ ಸಣ್ಣ ದನಿ ಒಂದು ಬೀರುವಿನ ಬೆಲೆ ಕೂಗುತ್ತಿತ್ತು. ಅಣ್ಣನ ಗತ್ತು ಜರ್ರನೆ ಇಳಿಯಿತು. ಸೀಟ್ ಬೆಲ್ಟ್ ಬಿಚ್ಚದೆ ತಂಗಿಯ ಕಡೆ ವಾಲಿದ.

"ನೋಡಮ್ಮಾ ತಂಗಿ," ಎಂದ ತಗ್ಗಿದ ದನಿಯಲ್ಲಿ. ಅವನ ಬಾಯಲ್ಲಿ 'ತಂಗಿ' ಬಂದದ್ದು ಯಾವ ಕಾಲಕ್ಕೋ. "ಒಂಚೂರು ಇಳಿದು ಬಾ. ದಾರೀಲಿ ಕಾರು ಕೆಟ್ಟು ನಿಂತುಬಿಡ್ತು ಅಂತ ಹೇಳು, ಅಷ್ಟೇ. ನನ್ನ ಮಾತು ಅವರು ನಂಬಲ್ಲ. ನಿನ್ನ ಮಾತು ನಂಬ್ತಾರೆ, ಅವರ ಬಾಯಲ್ಲಿರೋ ಹಲ್ಲು ನೀನು ಮಾಡಿಕೊಟ್ಟಿದ್ದಲ್ವಾ."

"ಹೇಳಿಬಿಡೇ," ಎಂದಳು ಅಮ್ಮ ಮೆತ್ತಗೆ. "ಅವನ ಅನ್ನದ ಪ್ರಶ್ನೆ."

ತಂಗಿ ಅಣ್ಣನ ಕಡೆ ಪೂರ್ತಿ ತಿರುಗಿದಳು. ಅವನ ಹಣೆಯಲ್ಲಿ ನಿಜವಾಗಿಯೂ ಬೆವರಿತ್ತು. ಎಸಿಯ ಗಾಳಿಯನ್ನು ಅವನ ಕಡೆಗೆ ತಿರುಗಿಸಿದಳು.

"ಕಾರು ಕೆಟ್ಟಿಲ್ಲ ಅಣ್ಣಾ," ಎಂದಳು. "ನಾನು ಹೇಳಲ್ಲ."