ಉಪವಾಸದ ಮೀಸೆ

ಈಸ್ಟರಿಗೆ ಮುಂಚಿನ ಉಪವಾಸ. ಆ ಗ್ರೀಕ್ ದ್ವೀಪದಲ್ಲಿ ಯಾರ ಮನೆಯಲ್ಲೂ ಮಾಂಸ, ಮೀನು ಬೇಯುವಂತಿರಲಿಲ್ಲ. ದಿನಾ ಅದೇ ಬೀನ್ಸ್ ಕಾಳಿನ ಸಾರು ಕುದಿಸಿ ಕುದಿಸಿ ಪೊಲಿಕ್ಸೇನಿಗೆ ತಲೆ ಕೆಟ್ಟುಹೋಗಿತ್ತು. ಸಾಲದ್ದಕ್ಕೆ ಈ ಬೆಕ್ಕು. ಗಂಡ ಥಾನಾಸಿಸ್ ಬಂದರಿನಿಂದ ಬಂದು ಕುರ್ಚಿಗೆ ಒರಗಿದ್ದೇ ತಡ, ಎದೆ ಹತ್ತಿ ಕೂತು ಅವನ ಮೀಸೆ ನೆಕ್ಕತೊಡಗಿತು.

“ಹೊತ್ತೊತ್ತಿಗೆ ಹಾಕೋಳು ನಾನು, ನೆಕ್ಕೋದು ಮಾತ್ರ ನಿಮ್ಮನ್ನ,” ಎಂದು ಸಿಡುಕಿದಳು.

“ಪ್ರೀತಿ ಕಣೇ. ಪ್ರೀತಿ ಇದ್ದೋರನ್ನ ಬೆಕ್ಕು ಹಿಂಗೇ ನೆಕ್ಕುತ್ತೆ,” ಎಂದ ಅವನು, ಕಣ್ಣು ಮುಚ್ಚಿಕೊಂಡೇ.

ಬೆಕ್ಕನ್ನು ಎಳೆದುಹಾಕಲು ಬಗ್ಗಿದವಳ ಮೂಗಿಗೆ ಕರಿದ ಮೀನಿನ ವಾಸನೆ ಬಡಿಯಿತು. ಬೆಕ್ಕನ್ನು ಅಲ್ಲೇ ಬಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

“ಪ್ರೀತಿಯಂತೆ ಪ್ರೀತಿ. ನಿಮಗೆ ಅದು ಇದ್ದಿದ್ರೆ ನನಗೂ ಒಂದು ಮೀನು ಕಟ್ಟಿಸ್ಕೊಂಡು ಬರ್ತಿದ್ರಿ.”